ಕೊಡ ಎತ್ತಬ್ಯಾಡ ಅಂದವರಿಗೆ ಹುಟ್ಟು ಹಾಕಿ ತೋರಿಸಿದರು

ಸೊಲ್ಲಾಪುರ: ಸ್ತನ ಕ್ಯಾನ್ಸರ್‌ನ ಆಪರೇಶನ್ ಆಗಿ ಮನೆಗೆ ಮರಳಿದ ಹೆಣ್ಣುಮಗಳಿಗೆ ಓಣಿಯವರು ಹೇಳುವ ಮೊದಲ ಮಾತು, ‘ಇನ್ನ ಆ ಕೈಲೆ ಭಾರ ಎತ್ತಬ್ಯಾಡವಾ’ ಎಂಬುದು. ನೀರಿನ ಕೊಡ ಬೇಡ, ಹಿಟ್ಟು ನಾದುವುದು ಬೇಡ, ರೊಟ್ಟಿ ಬಡಿಯುವುದಂತೂ ಬೇಡವೇ ಬೇಡ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ಕೊಡ ಎತ್ತದೆ, ರೊಟ್ಟಿ ಬಡಿಯದೆ ದಿನ ಸಾಗುವುದು ಹೇಗೆ? ರೋಗ ವಾಸಿಯಾದರೂ ಆಕೆ ಮನೆಯಲ್ಲಿ ರೋಗಿಯಾಗಿಯೇ ಉಳಿಯುತ್ತಾಳೆ.

ಇದು ಬರೀ ಓಣಿಯ ಮಾತಲ್ಲ. 1990ರ ದಶಕದಲ್ಲಿ ಮುಂದುವರಿದ ದೇಶಗಳ ಆಸ್ಪತ್ರೆಗಳೂ ಇದನ್ನೇ ಹೇಳಿ ಕಳಿಸುತ್ತಿದ್ದವು. ಈ ಅಂಜಿಕೆಯನ್ನು ಮೊದಲು ಅಲುಗಾಡಿಸಿದ್ದು ಕೆನಡಾದ ವ್ಯಾಂಕೂವರ್ ನಗರದಲ್ಲಿ ನೀರಿಗಿಳಿದ ಒಂದು ದೋಣಿ. ಅದನ್ನು ನಡೆಸಿದ್ದು 24 ಹೆಣ್ಣುಮಕ್ಕಳ ತಂಡ. ಎಲ್ಲರೂ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು.

ಅಂಜಿಕೆಗೂ ಕಾರಣವಿತ್ತು

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಲ್ಲಿ ಅನೇಕರ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ. ಆಗ ಕೈಯಲ್ಲಿನ ದ್ರವ ಸರಾಗ ಹರಿದು ಹೋಗದೆ ಅಲ್ಲೇ ನಿಂತು ಕೈ ಬಾತುಕೊಳ್ಳುತ್ತದೆ. ಡಾಕ್ಟರುಗಳು ಇದಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಕೆಲವರಿಗೆ ಕುಪ್ಪಸದ ತೋಳೇ ಹಿಡಿಸದಷ್ಟು ಬಾವು ಬರುತ್ತದೆ, ಒಮ್ಮೆ ಬಂದರೆ ಪೂರ್ತಿ ಇಳಿಯುವುದು ಕಷ್ಟ. ಕೈಗೆ ದಣಿವಾದರೆ ಬಾವು ಬರುತ್ತದೆ, ಆದ್ದರಿಂದ ದಣಿಸಬೇಡಿ ಎಂಬುದು ಆಗಿನ ಲೆಕ್ಕಾಚಾರ. ಆ ಲೆಕ್ಕವನ್ನು ತಾಳೆ ಹಾಕಿ ನೋಡಿದವರು ಮಾತ್ರ ಕಡಿಮೆ.

ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಡಾ. ಡಾನ್ ಮೆಕೆಂಜಿ ಅವರು ಅದನ್ನು 1996ರಲ್ಲಿ ನೋಡಲು ಹೊರಟರು. ಅವರು ಆರಿಸಿಕೊಂಡ ಆಟ ಡ್ರ್ಯಾಗನ್ ದೋಣಿ. ಹುಟ್ಟು ಹಾಕಲು ಭುಜ, ತೋಳು, ಬೆನ್ನು ಎಲ್ಲವೂ ದುಡಿಯಬೇಕು, ಅದೂ ಒಂದೇ ಸಮನೆ, ಮತ್ತೆ ಮತ್ತೆ. ಯಾವುದು ಮಾಡಬಾರದು ಅಂದಿದ್ದರೋ ಸರಿಯಾಗಿ ಅದೇ.

ಮೊದಲು ವ್ಯಾಯಾಮ ಶಾಲೆಯಲ್ಲಿ ತಾಲೀಮು, ಸ್ವಲ್ಪ ಸ್ವಲ್ಪವೇ ಭಾರ ಏರಿಕೆ, ಆಮೇಲೆ ನೀರಿಗೆ. ಪ್ರತಿ ಹಂತದಲ್ಲೂ ವೈದ್ಯರ ಕಣ್ಗಾವಲು ಇತ್ತು. ಆ ಬೇಸಿಗೆಯಲ್ಲಿ ಈ ಹೆಣ್ಣುಮಕ್ಕಳು ಊರಿನ ದೋಣಿ ಹಬ್ಬದಲ್ಲಿ ಬೇರೆಯವರ ಸರಿಸಮ ಕೂತು ಸ್ಪರ್ಧಿಸಿದರು. ಫಲಿತಾಂಶವನ್ನು ಮೆಕೆಂಜಿ 1998ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು: ಯಾರಿಗೂ ಹೊಸದಾಗಿ ಕೈ ಬಾತಿರಲಿಲ್ಲ, ಮೊದಲೇ ಬಾವು ಇದ್ದವರಿಗೆ ಅದು ಹೆಚ್ಚಾಗಿರಲಿಲ್ಲ.

24 ಜನರ ಪರೀಕ್ಷೆ ಅಂದರೆ ಚಿಕ್ಕದೇ. ಆದರೆ ಮುಂದೆ ದೊಡ್ಡ ಅಧ್ಯಯನಗಳೂ ಬಂದವು. 2009ರಲ್ಲಿ ಅಮೆರಿಕದಲ್ಲಿ ಈಗಾಗಲೇ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ ಕ್ರಮವಾಗಿ ಭಾರ ಎತ್ತಿಸಿ ನೋಡಿದರು. ಭಾರ ಎತ್ತಿದವರಲ್ಲಿ ಬಾವು ಉಲ್ಬಣಿಸಿದ್ದು ಶೇ 14 ಮಂದಿಗೆ. ಎತ್ತದೆ ಕೂತವರಲ್ಲಿ ಶೇ 29 ಮಂದಿಗೆ! ಅಂದಮೇಲೆ ಆಪರೇಶನ್ ಆದ ಮರುದಿನವೇ ಕೊಡ ಹೊರಬೇಕು ಎಂದಲ್ಲ. ವೈದ್ಯರನ್ನು ಕೇಳಿಕೊಂಡು, ನಿಧಾನವಾಗಿ ಏರಿಸುತ್ತಾ ಹೋಗಬೇಕು.

ಜಾತ್ರೆಯ ಪಟ್ಟಿಯಂತೆ

ಈ ದೋಣಿಯ ಮೂಲ ಚೀನಾ. ಅಲ್ಲಿಯ ಪಂಚಾಂಗದ ಐದನೇ ತಿಂಗಳ ಐದನೇ ದಿನ ನಡೆಯುವ ಹಬ್ಬ ಅದು. ರಾಜ್ಯದ ದುಃಸ್ಥಿತಿಗೆ ನೊಂದು ನದಿಗೆ ಹಾರಿದ ಕವಿ ಛೂ ಯುವಾನ್‌ನನ್ನು ಹುಡುಕಲು ಜನ ದೋಣಿಗಳಲ್ಲಿ ಧಾವಿಸಿದರು ಎಂದು ಕಥೆ ಹೇಳುತ್ತಾರೆ. 1976ರಲ್ಲಿ ಹಾಂಗ್‌ಕಾಂಗ್ ಇದನ್ನು ಅಂತರರಾಷ್ಟ್ರೀಯ ಸ್ಪರ್ಧೆ ಮಾಡಿತು. 1986ರ ವಿಶ್ವ ಮೇಳದ ಹೊತ್ತಿಗೆ ತೇಗದ ದೋಣಿಗಳು ವ್ಯಾಂಕೂವರಿಗೂ ಬಂದವು. ಸುಮಾರು 40 ಅಡಿ ಉದ್ದ, ಮೂತಿಗೆ ಡ್ರ್ಯಾಗನ್ ತಲೆ. ಇಬ್ಬಿಬ್ಬರಂತೆ ಹತ್ತು ಸಾಲಿನಲ್ಲಿ 20 ಜನ ಹುಟ್ಟು ಹಾಕುವವರು, ಮುಂದೆ ಡೋಲು ಬಾರಿಸುವವರೊಬ್ಬರು, ಹಿಂದೆ ಚುಕ್ಕಾಣಿಯವರೊಬ್ಬರು.

ಇಲ್ಲಿ ಒಬ್ಬ ಪೈಲ್ವಾನನಿಂದ ಏನೂ ಆಗದು. ಇಪ್ಪತ್ತು ಹುಟ್ಟು ಒಟ್ಟಿಗೆ ನೀರಿಗೆ ಬಿದ್ದು ಒಟ್ಟಿಗೆ ಮೇಲೇಳಬೇಕು. ಹಾಗಾಗಿಯೇ ಬ್ಯಾಂಕಿನ ಗುಮಾಸ್ತರು, ಶಾಲೆ ಶಿಕ್ಷಕಿಯರು, ಅಂಗಡಿಯವರು, ಜನ್ಮದಲ್ಲೇ ಹುಟ್ಟು ಹಿಡಿಯದವರು ಕೂಡ ನಾಲ್ಕು ದಿನದ ತಾಲೀಮಿನಲ್ಲಿ ಸ್ಪರ್ಧೆಗೆ ಇಳಿಯಬಹುದು. ಸಿದ್ಧರಾಮೇಶ್ವರ ಜಾತ್ರೆಗೆ ಮುಂಚೆ ನಂದಿಧ್ವಜದವರು ತಾಲೀಮು ಮಾಡುವುದನ್ನು ಕಂಡ ಸೊಲ್ಲಾಪುರದವರಿಗೆ ಈ ಹುರುಪು ಬಿಡಿಸಿ ಹೇಳಬೇಕಿಲ್ಲ.

ದುಡ್ಡು ಕೂಡುವುದೂ ಹೆಚ್ಚುಕಡಿಮೆ ನಮ್ಮ ಪಟ್ಟಿ ಎತ್ತುವ ರೀತಿಯಲ್ಲೇ. ತಂಡ ಪ್ರವೇಶ ಶುಲ್ಕ ಕಟ್ಟುತ್ತದೆ. ಮೇಲಾಗಿ ತಂಡದ ಪ್ರತಿಯೊಬ್ಬರೂ ನೆಂಟರು, ಗೆಳೆಯರು, ಕಚೇರಿಯವರ ಹತ್ತಿರ ‘ನಾನು ದೋಣಿ ಹತ್ತುತ್ತೇನೆ, ನೀವು ಎಷ್ಟು ಕೊಡುತ್ತೀರಿ?’ ಎಂದು ಕೇಳಿ ವರ್ಗಣಿ ತರುತ್ತಾರೆ. ಕಂಪನಿಗಳ ಪ್ರಾಯೋಜಕತ್ವ ಬೇರೆ. ನೋಂದಾಯಿತ ದತ್ತಿ ಸಂಸ್ಥೆಯಾದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿಯ ಪಾವತಿ ಸಿಗುತ್ತದೆ, ನಮ್ಮ 80ಜಿ ಇದ್ದಂತೆ. ದೋಣಿ, ಜಾಕೀಟು, ವಿಮೆ ಅಂತ ಖರ್ಚೂ ಇರುತ್ತದೆ. ಆದ್ದರಿಂದ ಎಷ್ಟು ಕೂಡಿತು ಎನ್ನುವುದಕ್ಕಿಂತ ಎಷ್ಟು ಮುಟ್ಟಿತು ಎಂದು ಕೇಳುವುದು ಲೆಕ್ಕ ಬಲ್ಲವರ ಕೆಲಸ.

ಕೆನಡಾದ್ದೇ ಚಿಕ್ಕ ಊರು ಪೀಟರ್‌ಬರೊ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಲ್ಲಿ 2001ರಲ್ಲಿ ಸ್ತನ ಕ್ಯಾನ್ಸರ್ ಗೆದ್ದ ಮಹಿಳೆಯರ ತಂಡ ಮತ್ತು ರೋಟರಿಯವರು ಊರಿನ ಕೆರೆಯಲ್ಲೇ ದೋಣಿ ಹಬ್ಬ ಶುರು ಮಾಡಿದರು. ಹಣ ಹೋಗುವುದು ದೂರದ ಯಾವುದೋ ನಿಧಿಗಲ್ಲ, ಅದೇ ಊರಿನ ಆಸ್ಪತ್ರೆಯ ಸ್ತನ ಕ್ಯಾನ್ಸರ್ ತಪಾಸಣೆ ಮತ್ತು ಚಿಕಿತ್ಸೆಗೆ. ವರ್ಷ ವರ್ಷ ಕೂಡುತ್ತಾ ಮೊತ್ತ 40 ಲಕ್ಷ ಡಾಲರ್ ದಾಟಿದೆ. ಕೊಟ್ಟವನಿಗೆ ತನ್ನ ದುಡ್ಡು ಎಲ್ಲಿಗೆ ಹೋಯಿತೆಂದು ಆಸ್ಪತ್ರೆಗೆ ಹೋದಾಗ ಕಣ್ಣಾರೆ ಕಾಣುತ್ತದೆ. ಮರುವರ್ಷ ಅವನ ಮುಂದೆ ಕೈಚಾಚಲು ಸಂಕೋಚವಿಲ್ಲ.

ಬಾರ್ಶಿಯ ನೆನಪು

ನಮ್ಮ ಜಿಲ್ಲೆಗೆ ಈ ರೋಗದ ಪರಿಚಯ ಹೊಸದಲ್ಲ. ಹಳ್ಳಿಗಾಡಿನ ಕ್ಯಾನ್ಸರ್ ರೋಗಿಗಳ ದಾಖಲೆ ಇಡುವ ದೇಶದ ಮೊದಲ ಗ್ರಾಮೀಣ ನೋಂದಣಿ 1987ರಲ್ಲಿ ಆರಂಭವಾದದ್ದು ಬಾರ್ಶಿಯಲ್ಲೇ. ಊರೂರು ತಿರುಗಿ, ಮನೆ ಬಾಗಿಲಿಗೆ ಹೋಗಿ ಲಕ್ಷಣ ತಿಳಿಸಿ, ಸಂಶಯವಿದ್ದವರನ್ನು ಆಸ್ಪತ್ರೆಗೆ ಕರೆತಂದ ಕೆಲಸ ಅದು. ಈಗ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ಬೇಗ ಪತ್ತೆಯಾದವರು ಬದುಕಿ ಮನೆಗೆ ಬರುತ್ತಾರೆ. ಬಂದ ಮೇಲೆ ಆ ಕೈಯನ್ನು ಹೇಗೆ ಬಳಸಬೇಕು, ಬಾವು ಬಂದರೆ ಬಿಗಿ ತೋಳುಚೀಲ ಯಾವಾಗ ಹಾಕಬೇಕು, ಯಾವ ವ್ಯಾಯಾಮದಿಂದ ಶುರು ಮಾಡಬೇಕು ಎಂಬುದನ್ನು ಬಿಡುಗಡೆಯ ದಿನವೇ ಕೇಳಿಕೊಂಡು ಬರುವುದು ಒಳಿತು. ಓಣಿಯಲ್ಲಿ ಇದಕ್ಕೆ ಉತ್ತರ ಸಿಗದು.

ವ್ಯಾಂಕೂವರಿನ ಆ ಒಂದು ದೋಣಿಯ ಹಿಂದೆ ಈಗ ಹಲವು ದೇಶಗಳ ದೋಣಿಗಳಿವೆ. ಇವರದೇ ಅಂತರರಾಷ್ಟ್ರೀಯ ಹಬ್ಬ 2010ರಲ್ಲಿ ಪೀಟರ್‌ಬರೊದಲ್ಲಿ, 2018ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ, 2023ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆಯಿತು. ಫ್ಲಾರೆನ್ಸ್‌ಗೆ ನೂರಕ್ಕೂ ಮೀರಿ ತಂಡಗಳು ಬಂದಿದ್ದವು. ಎಲ್ಲ ಕಡೆ ಗುಲಾಬಿ ಅಂಗಿ, ಗುಲಾಬಿ ಟೋಪಿ.

ಸ್ಪರ್ಧೆ ಮುಗಿದ ಮೇಲೆ ಗೆದ್ದವರು, ಸೋತವರು ಎಂದಿಲ್ಲದೆ ದೋಣಿಗಳೆಲ್ಲ ನಡುನೀರಿನಲ್ಲಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಪಕ್ಕದ ದೋಣಿಯವರ ಕೈ ಹಿಡಿದು, ಹಿಂದಿನ ವರ್ಷ ಜೊತೆಗಿದ್ದು ಈ ವರ್ಷ ಇಲ್ಲದವರನ್ನು ನೆನೆಯುತ್ತಾರೆ. ಆಮೇಲೆ ಒಬ್ಬೊಬ್ಬರೂ ಒಂದೊಂದು ಗುಲಾಬಿ ಬಣ್ಣದ ಹೂವನ್ನು ನೀರಿಗೆ ಬಿಟ್ಟು ದಡದ ಕಡೆ ಹುಟ್ಟು ಹಾಕುತ್ತಾರೆ.