ಜಾಗಕ್ಕೊಂದು ಕಚೇರಿ, ಬೀದಿಗೊಂದು ಕಚೇರಿ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಆ ಹೊತ್ತಿಗಾಗಲೇ ಊರಿನಾಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಕೆಲಸ ಶುರುವಾಗಿತ್ತು. ರೋಗದ ಭಯ ಅದನ್ನು ಚುರುಕುಗೊಳಿಸಿತು. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಹಿತ್ತಲಿನ ಆಚೆ ಕಸ ಮತ್ತು ಮಲ ಸಾಗಿಸುವವರಿಗೆಂದು ಬಿಟ್ಟ ಸಣ್ಣ ಸಂದಿ. ಎಲ್ಲಿ ಮನೆ ಇರಬೇಕು, ಎಷ್ಟು ಜಾಗ ಖಾಲಿ ಬಿಡಬೇಕು, ಬೀದಿ ಎಷ್ಟು ಅಗಲ ಇರಬೇಕು ಎನ್ನುವುದು ಜನರ ಜೀವದ ಪ್ರಶ್ನೆ ಎಂದು ನಮ್ಮ ನಗರಗಳು ಕಲಿತದ್ದು ಆ ಕಾಲದಲ್ಲಿ.

ಆಗಲೇ ಇನ್ನೊಂದು ರೂಢಿಯೂ ಬಿತ್ತು. ಊರು ಬೆಳೆಸುವ ಕೆಲಸವನ್ನು ಪುರಸಭೆಗೆ ಕೊಡದೆ, ಸರ್ಕಾರ ನೇಮಿಸಿದ ಬೇರೆ ಮಂಡಳಿಗೆ ಕೊಡುವ ರೂಢಿ ಅದು. 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. 1945ರಲ್ಲಿ ಬೆಂಗಳೂರಿಗೂ ಅಂಥದ್ದೇ ಮಂಡಳಿ ಬಂತು. ಹಿರಿಯರು ಈಗಲೂ ‘ಸಿಐಟಿಬಿ ಸೈಟು’ ಎನ್ನುವುದು ಇದರಿಂದಲೇ. 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಉಳಿದ ಊರುಗಳಿಗೆ 1987ರ ಕಾಯ್ದೆಯ ಪ್ರಕಾರ ನಗರಾಭಿವೃದ್ಧಿ ಪ್ರಾಧಿಕಾರಗಳು ಬಂದವು. ಹೀಗೆ ಜಾಗದ ತೀರ್ಮಾನ ಪ್ರಾಧಿಕಾರದ್ದು, ಬೀದಿಯ ತೀರ್ಮಾನ ಪಾಲಿಕೆಯದು ಎಂಬ ಪಾಲುಪಟ್ಟಿ ನೂರು ವರ್ಷಗಳಿಂದ ನಡೆದುಬಂದಿದೆ. ಮತ ಹಾಕಿ ಕಳಿಸಿದ ಕಾರ್ಪೊರೇಟರನ್ನು ಜನ ‘ನಮ್ಮ ಬೀದಿಯಲ್ಲಿ ಇಷ್ಟು ದೊಡ್ಡ ಕಟ್ಟಡ ಹೇಗೆ ಬಂತು ಸ್ವಾಮಿ?’ ಎಂದು ಕೇಳಿದರೆ, ‘ಅದು ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬರುತ್ತದೆ. ಎಷ್ಟೋ ಸಲ ಆ ಉತ್ತರ ನಿಜವೇ ಆಗಿರುತ್ತದೆ.

ಸಂವಿಧಾನದ ಆಶಯ ಇದಲ್ಲ. 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ, ನಗರಾಡಳಿತಕ್ಕೆ ಕೊಡಬಹುದಾದ 18 ಹೊಣೆಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ ಮೊದಲನೆಯದು ನಗರ ಯೋಜನೆ. ಎರಡನೆಯದು ಭೂ ಉಪಯೋಗ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ರಸ್ತೆ ಮತ್ತು ಸೇತುವೆ ಬರುವುದು ನಾಲ್ಕನೆಯದಾಗಿ. ಕರ್ನಾಟಕದ ಬಹುಪಾಲು ನಗರಗಳಲ್ಲಿ ನಾಲ್ಕನೆಯದು ಮಾತ್ರ ಪಾಲಿಕೆಗೆ ದಕ್ಕಿದೆ, ಮೊದಲೆರಡು ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಈ ಎರಡೂ ಕಚೇರಿಯ ಕೆಲಸ ಒಂದೇ ಜಾಗದಲ್ಲಿ ಹೇಗೆ ಕೂಡುತ್ತದೆ ಎಂದು ನೋಡಲು ಒಂದು ಲೆಕ್ಕ ಹಾಕೋಣ. ಮೂವತ್ತು ನಲವತ್ತರ ಸೈಟು ಎಂದರೆ 1,200 ಚದರ ಅಡಿ. ಬೆಂಗಳೂರಿನ 2007ರ ವಲಯ ನಿಯಮಾವಳಿಯಂತೆ ಸಾಧಾರಣ ವಸತಿ ರಸ್ತೆಯಲ್ಲಿ ಇಂಥ ಸೈಟಿಗೆ ಎಫ್‌ಎಆರ್ 1.75. ಸೈಟಿನ ಅಳತೆಯನ್ನು ಇದರಿಂದ ಗುಣಿಸಿದರೆ ಎಲ್ಲ ಮಹಡಿ ಸೇರಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣ ಸಿಗುತ್ತದೆ, ಅಂದರೆ 2,100 ಚದರ ಅಡಿ. ನೆಲದ ಮೇಲೆ ಶೇ 75ಕ್ಕಿಂತ ಹೆಚ್ಚು ಮುಚ್ಚುವಂತಿಲ್ಲ, ಆದ್ದರಿಂದ ಒಂದು ಮಹಡಿಗೆ ಹೆಚ್ಚೆಂದರೆ 900 ಚದರ ಅಡಿ. ಎರಡು ಮಹಡಿ ಪೂರ್ತಿ ಕಟ್ಟಿ, ಮೂರನೆಯದರಲ್ಲಿ ಮುನ್ನೂರು ಅಡಿಯ ಒಂದು ಕೋಣೆ ಹಾಕಿದರೆ ಲೆಕ್ಕ ಮುಗಿಯಿತು. ವಾಹನ ನಿಲ್ಲಿಸುವ ಜಾಗ ಇದರಲ್ಲಿ ಸೇರುವುದಿಲ್ಲ. ಇನ್ನು ನಿಮ್ಮ ಬಡಾವಣೆಯಲ್ಲಿ ಅದೇ ಅಳತೆಯ ಸೈಟಿನ ಮೇಲೆ ಎಷ್ಟು ಅಂತಸ್ತು ನಿಂತಿದೆ ಎಂದು ನೀವೇ ಎಣಿಸಿ ನೋಡಿ.

ಸೈಟು ದೊಡ್ಡದಾಗಿ, ಮುಂದಿನ ರಸ್ತೆಯೂ ಅಗಲವಾದಂತೆ ಈ ಎಫ್‌ಎಆರ್ ಏರುತ್ತದೆ. ಇಡೀ ವಿಷಯದ ಕೀಲಿ ಇಲ್ಲಿದೆ. ರಸ್ತೆ ಅಗಲ ಮಾಡುವುದು ಕೇವಲ ಟ್ರಾಫಿಕ್ಕಿನ ವಿಚಾರ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ರಸ್ತೆ ಅಗಲವಾದರೆ ಅದರ ಇಕ್ಕೆಲದ ದೊಡ್ಡ ಜಾಗಗಳಲ್ಲಿ ಕಟ್ಟಡದ ಎತ್ತರ, ಅಂಗಡಿಯ ಅವಕಾಶ, ಜಮೀನಿನ ಬೆಲೆ ಎಲ್ಲವೂ ಬದಲಾಗುತ್ತವೆ. ಆದರೆ ನೆಲದಡಿಯ ಒಳಚರಂಡಿ ಕೊಳವೆ ಹಳೆಯದೇ ಇರುತ್ತದೆ. ಒಂಟಿ ಮನೆಗಳಿದ್ದ ಬೀದಿಯಲ್ಲಿ ನಾಲ್ಕಂತಸ್ತಿನ ಪಿ.ಜಿ.ಗಳು ಎದ್ದ ಮೇಲೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದು ಯಾರ ತಪ್ಪು? ಮಹಡಿಗೆ ಒಪ್ಪಿಗೆ ಕೊಟ್ಟ ಕಚೇರಿ ಬೇರೆ, ಕೊಳವೆ ನೋಡಿಕೊಳ್ಳುವ ಕಚೇರಿ ಬೇರೆ. ಬೈಗುಳ ತಿನ್ನುವವರು ಮಾತ್ರ ವಾರ್ಡಿನ ಎಂಜಿನಿಯರು.

ಯಾವ ಜಾಗ ಯಾವುದಕ್ಕೆ ಎಂಬುದು ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಬಣ್ಣದಲ್ಲಿರುತ್ತದೆ. ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆಗಳಂಥ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ ಮತ್ತು ಬಯಲು. ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಒಮ್ಮೆ ಬಳಿದ ಬಣ್ಣ ಶಾಶ್ವತವಲ್ಲ. ಕಲಂ 14-ಎ ಪ್ರಕಾರ ಭೂ ಉಪಯೋಗ ಬದಲಾವಣೆಗೆ ಅವಕಾಶವಿದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಹೊಂದಬೇಕು, ಮತ್ತು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕರೆಯಬೇಕು ಎಂಬ ಷರತ್ತುಗಳಿವೆ. ಆ ಪ್ರಕಟಣೆಯಲ್ಲಿ ಸರ್ವೆ ನಂಬರು, ಎಕರೆ ಗುಂಟೆ, ‘ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ’ ಎಂಬ ಒಂದು ಸಾಲು ಇರುತ್ತದೆ. ಬೀದಿಯ ಹೆಸರು ಹಲವು ಸಲ ಇರುವುದೇ ಇಲ್ಲ. ಸರ್ವೆ ನಂಬರು ಯಾವ ಮನೆಯವರಿಗೆ ನೆನಪಿರುತ್ತದೆ? ಕಾನೂನು ಜನರನ್ನು ಕೇಳಿದೆ, ಆದರೆ ಜನರಿಗೆ ಅರ್ಥವಾಗುವಂತೆ ಕೇಳಿಲ್ಲ. ಇದು ಸರಿಯಲ್ಲ ಎಂದು ಒತ್ತಿ ಹೇಳಲೇಬೇಕು.

ಹಸಿರು ಬಣ್ಣಕ್ಕೆ ಇನ್ನೊಂದು ಅಪಾಯವಿದೆ, ಇದು ಬಹಳ ಜನಕ್ಕೆ ತಿಳಿದಿಲ್ಲ. ಖಾಸಗಿ ಜಮೀನನ್ನು ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿ, ಮಾಸ್ಟರ್ ಪ್ಲಾನ್ ಪ್ರಕಟವಾದ 5 ವರ್ಷದೊಳಗೆ ಅದನ್ನು ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಸ್ವಾಧೀನದ ಕ್ರಮ ಶುರುಮಾಡದಿದ್ದರೆ, ಕಲಂ 69ರ ಪ್ರಕಾರ ಆ ಗುರುತು ತಾನಾಗಿ ರದ್ದಾಗುತ್ತದೆ. ಮಾಲೀಕರ ದೃಷ್ಟಿಯಿಂದ ಇದು ನ್ಯಾಯವೇ, ಒಬ್ಬರ ಆಸ್ತಿಯನ್ನು ಎಷ್ಟು ಕಾಲ ಹಿಡಿದಿಡುವುದು? ಆದರೆ ಗಡುವು ಮುಗಿಯುವವರೆಗೆ ಕೈಕಟ್ಟಿ ಕೂತ ಆಡಳಿತದಿಂದ ಮಕ್ಕಳು ಆಟದ ಬಯಲು ಕಳೆದುಕೊಳ್ಳುತ್ತಾರೆ.

ಬೀದಿಯ ವಿಷಯದಲ್ಲಿ ಬೆಂಗಳೂರು ಒಂದು ಒಳ್ಳೆಯ ಪಾಠ ಕಲಿಸಿದೆ. ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಮರುತಿಂಗಳೇ ನೀರಿನವರು, ಅದರ ಮುಂದಿನ ತಿಂಗಳು ಕೇಬಲ್ಲಿನವರು ಅಗೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಟೆಂಡರ್‌ಶ್ಯೂರ್ ಯೋಜನೆ ಇದಕ್ಕೆ ಉತ್ತರ ಕೊಡಲು ಹೊರಟಿತು. ಮೊದಲ ಹಂತದಲ್ಲಿ ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಂಥವನ್ನು ಆರಿಸಿಕೊಂಡು ನೀರು, ಒಳಚರಂಡಿ, ವಿದ್ಯುತ್, ದೂರವಾಣಿ ತಂತಿಗಳಿಗೆ ಪಾದಚಾರಿ ಮಾರ್ಗದಡಿ ಪ್ರತ್ಯೇಕ ಜಾಗ ಮಾಡಿ, ಅಲ್ಲಲ್ಲಿ ಮುಚ್ಚಳ ತೆರೆದು ಇಳಿಯುವ ಗುಂಡಿಗಳನ್ನು ಕಟ್ಟಲಾಯಿತು. ಕೇಬಲ್ ಕೆಟ್ಟರೆ ಮುಚ್ಚಳ ಎತ್ತಿದರೆ ಸಾಕು, ಡಾಂಬರು ಮುಟ್ಟಬೇಕಿಲ್ಲ. ವಾಹನದ ಪಥ ಉದ್ದಕ್ಕೂ ಒಂದೇ ಅಗಲ, ಉಳಿದ ಜಾಗವೆಲ್ಲ ನಡೆಯುವವರಿಗೆ. ಕೆಲಸ ನಡೆಯುವಾಗ ‘ಇಷ್ಟು ಅಗಲದ ಫುಟ್‌ಪಾತ್ ಯಾಕೆ, ಕಾರಿಗೆ ಜಾಗ ಎಲ್ಲಿ’ ಎಂದು ತಕರಾರು ಎದ್ದಿತು. ಕೆಲಸ ಮುಗಿದ ಮೇಲೆ ಆ ರಸ್ತೆಗಳಲ್ಲಿ ಮಗುವಿನ ಕೈ ಹಿಡಿದು ನಿರಾಳವಾಗಿ ನಡೆದವರಿಗೆ ಯಾಕೆ ಎಂಬುದು ಗೊತ್ತಾಯಿತು. 2018ರಲ್ಲಿ ಚರ್ಚ್ ಸ್ಟ್ರೀಟ್ ಕೂಡ ಕಲ್ಲುಹಾಸಿನ ನಡಿಗೆಯ ಬೀದಿಯಾಗಿ ಹೊಸ ರೂಪ ಪಡೆಯಿತು.

ಇವೆಲ್ಲ ನಗರದ ನಡುವಿನ, ಹಣವಂತರ ಓಡಾಟದ ರಸ್ತೆಗಳು ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಆ ಗುಣಮಟ್ಟವನ್ನು ಬಿಡುವುದಲ್ಲ, ಅದನ್ನು ಹೊರವಲಯದ ವಾರ್ಡುಗಳಿಗೆ ಕೇಳಿ ಪಡೆಯುವುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ವಸತಿ ಬೀದಿಯಲ್ಲೂ ಅಡೆತಡೆಯಿಲ್ಲದ 1.8 ಮೀಟರ್ ಅಗಲದ ಪಾದಚಾರಿ ಮಾರ್ಗ ಬೇಕು, ರಸ್ತೆಯಿಂದ ಅದರ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮಂಡಿನೋವಿನ ಅಜ್ಜಿ ಫುಟ್‌ಪಾತ್ ಬಿಟ್ಟು ರಸ್ತೆಯಂಚಿಗೆ ಇಳಿದು ನಡೆಯುತ್ತಿದ್ದರೆ ಅಲ್ಲಿ ಈ ಅಳತೆ ತಪ್ಪಿದೆ ಎಂದೇ ಅರ್ಥ. ಹಾಗೆಯೇ, ಫುಟ್‌ಪಾತ್ ಸರಿಪಡಿಸುವ ನೆಪದಲ್ಲಿ ಹೂ, ಸೊಪ್ಪು ಮಾರುವವರನ್ನು ಒಕ್ಕಲೆಬ್ಬಿಸುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟಿದೆ.

ಹಾಗಿದ್ದರೆ ಜನರ ಮಾತು ನಡೆಯುವುದೆಲ್ಲಿ? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಕರ್ನಾಟಕ 2011ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ನಾಮಕರಣ ಸದಸ್ಯರ ಸಮಿತಿಗೆ ದಾರಿ ಮಾಡಿತು. ಅದರಲ್ಲಿ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದ ಇಬ್ಬರು, ನಿವಾಸಿ ಸಂಘಟನೆಗಳ ಇಬ್ಬರು ಇರಬೇಕು. ಸಮಿತಿ ತಿಂಗಳಿಗೊಮ್ಮೆ ಕೂರಬೇಕು. ಯಾವ ಚರಂಡಿ ಮೊದಲು, ಯಾವ ಕಾಮಗಾರಿ ಆಮೇಲೆ ಎಂದು ಬಾಯಿಬಿಟ್ಟು ಹೇಳಬಹುದಾದ ಜಾಗ ಇದೊಂದೇ. ಮೇಲಿನ ಹಂತದಲ್ಲಿ ಪಾಲಿಕೆಯ ಸಾಮಾನ್ಯ ಸಭೆ, ನಗರ ಯೋಜನೆಯ ಸ್ಥಾಯಿ ಸಮಿತಿ ಇವೆ. ಆದರೆ ಮೇಯರ್ ಅವಧಿ ಒಂದೇ ವರ್ಷ, ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರದು. ಠರಾವು ಪಾಸಾಗುತ್ತದೆ, ಕಡತ ಬೇರೆಡೆ ನಡೆಯುತ್ತದೆ.

ಬೆಂಗಳೂರಿನಲ್ಲಿ ಅಷ್ಟೂ ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದ 198 ವಾರ್ಡುಗಳ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬರುವವರೆಗೆ ಐದು ವರ್ಷ ಕಾಲ ಕೋಟಿ ಮೀರಿದ ಜನರ ಊರಿಗೆ ಆಡಳಿತಾಧಿಕಾರಿಯೇ ಕೌನ್ಸಿಲ್ ಆಗಿದ್ದರು. ಊರು ಬೆಳೆದದ್ದು ಮಾತ್ರ 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗೆಂದು ಮಾಡಿದ ಮಾಸ್ಟರ್ ಪ್ಲಾನಿನ ಮೇಲೆಯೇ. 2031ಕ್ಕೆಂದು 2017ರಲ್ಲಿ ಪ್ರಕಟಿಸಿದ ಕರಡನ್ನು ಆಮೇಲೆ ಹಿಂದಕ್ಕೆ ಪಡೆಯಲಾಯಿತು. ಹೊಸ ಗ್ರೇಟರ್ ಬೆಂಗಳೂರು ಕಾಯ್ದೆ ಯೋಜನೆಯ ಹೊಣೆಯನ್ನು ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ವಹಿಸಿದೆ. ಕಚೇರಿ ಬದಲಾಯಿತು, ಆದರೆ ಜಾಗದ ತೀರ್ಮಾನ ವಾರ್ಡಿನ ಪ್ರತಿನಿಧಿಯ ಕೈಗೆ ಬರಲಿಲ್ಲ. ಬರಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಅದು ಬರುವವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ನಿಮ್ಮ ಮನೆಯ ಮತ್ತು ಅಕ್ಕಪಕ್ಕದ ಬಯಲುಗಳ ಸರ್ವೆ ನಂಬರನ್ನು ಬರೆದಿಟ್ಟುಕೊಳ್ಳಿ. ಭೂ ಉಪಯೋಗ ಬದಲಾವಣೆಯ ಪ್ರಕಟಣೆ ಕಂಡರೆ ಅದರಲ್ಲಿರುವ ಗಡುವನ್ನು ಮೊದಲು ನೋಡಿ. ಆಕ್ಷೇಪಣೆಯಲ್ಲಿ ಸಿಟ್ಟಿಗಿಂತ ಅಳತೆ ಬರೆಯಿರಿ: ರಸ್ತೆ ನಿಜಕ್ಕೂ ಎಷ್ಟು ಅಡಿ ಇದೆ, ಕುಡಿಯುವ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಚರಂಡಿ ಎಲ್ಲಿ ಉಕ್ಕುತ್ತದೆ, ಹತ್ತಿರದ ಶಾಲೆ ಎಷ್ಟು ದೂರ. ಬೀದಿಯವರೆಲ್ಲರ ಸಹಿ ಹಾಕಿಸಿ, ಗಡುವಿನೊಳಗೆ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.