ಯೂನಿವರ್ಸಿಟಿಗೆ ಯಜಮಾನರು ಯಾರು?

ಅಮೀರ್‌ಪೇಟ್‌ನಲ್ಲಿ ಮೆಟ್ರೋ ಹತ್ತಿ ತಾರ್ನಾಕದಲ್ಲಿ ಇಳಿದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅದನ್ನು ನಡೆಸುವವರು ಯಾರು ಅಂತ ಗೆಳೆಯರನ್ನು ಕೇಳಿದೆ. ಒಬ್ಬ ರಾಜ್ಯಪಾಲರು ಅಂದ, ಇನ್ನೊಬ್ಬ ವೈಸ್ ಛಾನ್ಸೆಲರ್ ಅಂದ. ಇಬ್ಬರದೂ ಅರ್ಧ ಸರಿ.

ಕಾಮರ್ಸ್ ಓದುವ ನನಗೆ ಕಂಪನಿಯ ಹೋಲಿಕೆ ಸುಲಭ. ಛಾನ್ಸೆಲರ್ ಆದ ರಾಜ್ಯಪಾಲರು ಛೇರ್ಮನ್ ಇದ್ದ ಹಾಗೆ. ದಿನದ ಆಡಳಿತ ನೋಡುವ ವೈಸ್ ಛಾನ್ಸೆಲರ್ ಮ್ಯಾನೇಜಿಂಗ್ ಡೈರೆಕ್ಟರ್. ದಾಖಲೆ ಕಾಯುವ ರಿಜಿಸ್ಟ್ರಾರ್ ಸೆಕ್ರೆಟರಿ. ಎಕ್ಸಿಕ್ಯುಟಿವ್ ಕೌನ್ಸಿಲ್ ಅಂದ್ರೆ ಡೈರೆಕ್ಟರುಗಳ ಮಂಡಳಿ. ಆದರೆ ಇಲ್ಲಿ ಷೇರುದಾರರಿಲ್ಲ. ಹಾಗಾದ್ರೆ ಸರ್ಕಾರ ಬೇಕೆಂದಾಗ ವೈಸ್ ಛಾನ್ಸೆಲರನ್ನು ತೆಗೆಯಬಹುದೇ?

ಈ ಪ್ರಶ್ನೆ 1966ರಲ್ಲಿ ಎದ್ದಿತು. 1957ರಿಂದ ಆ ಹುದ್ದೆಯಲ್ಲಿದ್ದ ಡಿ. ಎಸ್. ರೆಡ್ಡಿಯವರು 1964ರಲ್ಲಿ ಮತ್ತೆ ಐದು ವರ್ಷಕ್ಕೆ ನೇಮಕವಾಗಿದ್ದರು. ಆಂಧ್ರ ಪ್ರದೇಶ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು: ಈಗಿರುವವರು ಹೊಸಬರು ಬರುವವರೆಗೆ ಮಾತ್ರ, ಹೊಸ ನೇಮಕ 90 ದಿನದೊಳಗೆ. ಹೆಸರು ಬರೆಯದಿದ್ದರೂ ಅದು ತಗಲುವುದು ಒಬ್ಬರಿಗೇ!

ಹೈಕೋರ್ಟಿನಲ್ಲಿ ಸೋತ ರೆಡ್ಡಿಯವರು ಸುಪ್ರೀಂ ಕೋರ್ಟಿಗೆ ಹೋದರು. ವೈಸ್ ಛಾನ್ಸೆಲರನ್ನು ತೆಗೆಯಲು ನ್ಯಾಯಾಧೀಶರ ವಿಚಾರಣೆ ಆಗಬೇಕೆಂದು ಅದೇ ಕಾಯ್ದೆ ಹೇಳುತ್ತಿತ್ತು. ಒಬ್ಬರಿಗೆ ಮಾತ್ರ ಆ ರಕ್ಷಣೆ ತಪ್ಪಿಸುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು 1967ರಲ್ಲಿ ತೀರ್ಪಾಯಿತು.

ಇದು ದೊಡ್ಡವರ ಜಗಳ, ನಮಗೇನು ಅನ್ನಬೇಡಿ. ನಮ್ಮ ಪದವಿಪತ್ರಕ್ಕೆ ಸಹಿ ಹಾಕುವ ಕೈ ಅದು. ನಾಳೆ ಕುರ್ಚಿ ಹೋದೀತೆಂಬ ಭಯ ಇರುವವರು ಸರ್ಕಾರಕ್ಕೆ 'ಆಗೋದಿಲ್ಲ' ಅನ್ನುವುದು ಹೇಗೆ? ಯಜಮಾನರು ಕಾಯ್ದೆಯೇ ಆಗಿರಲಿ. ಉಳಿದವರೆಲ್ಲ ಅದರ ನೌಕರರು.