ಬದಿಗೆ ಸರಿಯುವುದೂ ಒಂದು ಚಿಕಿತ್ಸೆ

ರೋಗಿಯ ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ವೈದ್ಯರು ನಾಡಿ ನೋಡಬೇಕು, ದಾದಿಯರು ಸೂಜಿ ಚುಚ್ಚಬೇಕು, ಆಗ ಚಿಕಿತ್ಸೆ ಮೊದಲಾಯಿತು ಎಂಬುದು ಲೋಕರೂಢಿ. ಆದರೆ ಹೃದಯಾಘಾತ, ಪಾರ್ಶ್ವವಾಯು, ಅಪಘಾತದ ರಕ್ತಸ್ರಾವ, ಹೆರಿಗೆಯ ತೊಡಕು ಇವುಗಳ ವಿಷಯದಲ್ಲಿ ಚಿಕಿತ್ಸೆ ಮೊದಲಾಗುವುದು ಬೀದಿಯಲ್ಲಿ. ಅಲ್ಲಿ ರೋಗಿಯ ಪ್ರಾಣ ಯಾವ ವೈದ್ಯನ ಕೈಯಲ್ಲೂ ಇರುವುದಿಲ್ಲ. ಹೆಸರು, ಊರು ತಿಳಿಯದ ನೂರಾರು ವಾಹನ ಚಾಲಕರ ಕೈಯಲ್ಲಿರುತ್ತದೆ. ಅವರು ಬದಿಗೆ ಸರಿದರೆ ಮುಂದಿನ ಔಷಧಕ್ಕೆ ಅರ್ಥವುಂಟು. ಸರಿಯದಿದ್ದರೆ ಉತ್ತಮ ಆಸ್ಪತ್ರೆಯೂ ತಡವಾಗಿ ಬಂದ ದೇಹವನ್ನು ನೋಡಿ ಮರುಗಬೇಕಾದೀತು.

ಈ ಮಾತನ್ನು ಪರೀಕ್ಷಿಸಿ ನೋಡಲು ಬೆಂಗಳೂರಿನ ಪೂರ್ವ ಭಾಗದ ಮಹದೇವಪುರಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. ಕೆರೆ, ತೋಟಗಳ ಊರಾಗಿದ್ದ ಈ ಸೀಮೆ ಮೊದಲು ಕಾರ್ಖಾನೆಗಳನ್ನು, ಆಮೇಲೆ ಮಾಹಿತಿ ತಂತ್ರಜ್ಞಾನದ ಕಚೇರಿಗಳನ್ನು, ಅವುಗಳ ಹಿಂದೆಯೇ ಬಹುಮಹಡಿ ವಸತಿ ಸಮುಚ್ಚಯಗಳನ್ನು ಒಡಲಲ್ಲಿ ತುಂಬಿಕೊಂಡಿತು. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ, ಹೂಡಿ, ಕುಂದಲಹಳ್ಳಿ ಗೇಟ್, ಮಾರತಹಳ್ಳಿ ಈ ಹೆಸರುಗಳನ್ನು ಕೇಳಿದೊಡನೆ ನಗರವಾಸಿಗಳಿಗೆ ನೆನಪಾಗುವುದು ನಿಂತ ವಾಹನಗಳ ಸಾಲು. ನೇರಳೆ ಮಾರ್ಗದ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಬಂದಿತಾದರೂ ಆಂಬುಲೆನ್ಸ್‌ಗೆ ರಸ್ತೆಯೇ ಗತಿ.

ಈ ಭಾಗದಲ್ಲಿ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ವೈಟ್‌ಫೀಲ್ಡ್‌ನಲ್ಲಿ ವೈದೇಹಿ ಆಸ್ಪತ್ರೆಯಿದೆ, 2001ರಿಂದ ಶ್ರೀ ಸತ್ಯಸಾಯಿ ಆಸ್ಪತ್ರೆಯಿದೆ. ಖಾಸಗಿ ಆಸ್ಪತ್ರೆಗಳಂತೂ ಹಲವು. ಆದರೆ ಸರ್ಕಾರಿ ಚಿಕಿತ್ಸೆಯನ್ನೇ ನೆಚ್ಚಿದ ಬಡ ಕುಟುಂಬವು ಹೃದಯದ ತೊಂದರೆಗೆ ಜಯದೇವ ಸಂಸ್ಥೆಗೆ, ತಲೆಯ ಪೆಟ್ಟಿಗೆ ನಿಮ್ಹಾನ್ಸ್‌ಗೆ, ಇತರ ಗಾಯಗಳಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೊರ ವರ್ತುಲ ರಸ್ತೆಯನ್ನೋ ಹಳೆ ಮದ್ರಾಸ್ ರಸ್ತೆಯನ್ನೋ ದಾಟದೆ ಅಲ್ಲಿಗೆ ದಾರಿಯಿಲ್ಲ. ಸಂಚಾರದ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರಲ್ಲಿ ಬಡವರ ಪಾಲು ಹೀಗೆ ಹೆಚ್ಚಾಗುತ್ತದೆ.

ನಿಮಿಷಗಳ ಲೆಕ್ಕ

ದೇಹಕ್ಕೆ ತನ್ನದೇ ಆದ ಗಡಿಯಾರವಿದೆ. ಅದು ಸಿಗ್ನಲ್ ದೀಪಕ್ಕಾಗಿ ಕಾಯುವುದಿಲ್ಲ. ಹೃದಯದ ಬಡಿತ ನಿಂತಾಗ ನಾಲ್ಕರಿಂದ ಆರು ನಿಮಿಷಗಳೊಳಗೆ ಮಿದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆಯೂ ವಿದ್ಯುದಾಘಾತದ ಉಪಕರಣವೂ ದೊರೆಯದೆ ಹೋದರೆ ಬದುಕುಳಿಯುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿಕೊಂಡು ಪಾರ್ಶ್ವವಾಯು ತಗುಲಿದಾಗ ಒಂದು ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು ವೈದ್ಯ ವಿಜ್ಞಾನ ಅಂದಾಜು ಮಾಡಿದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ತೋರಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮನೆಯವರು ಲಕ್ಷಣವನ್ನು ಗುರುತಿಸುವ ಹೊತ್ತು, ಆಸ್ಪತ್ರೆಯಲ್ಲಿ ಮಿದುಳಿನ ಸ್ಕ್ಯಾನ್ ತೆಗೆಯುವ ಹೊತ್ತು ಇವೆರಡನ್ನೂ ಕಳೆದರೆ ದಾರಿಗೆ ಉಳಿಯುವುದು ಸ್ವಲ್ಪವೇ. ಅಪಘಾತದಲ್ಲಿ ದೊಡ್ಡ ರಕ್ತನಾಳ ತುಂಡಾದವರಿಗೆ ಗಂಟೆಗಳ ಮಾತೇ ಇಲ್ಲ, ನಿಮಿಷಗಳಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ.

ಈ ಗಡಿಯಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ 108’ ಸೇವೆ ಆರಂಭವಾಯಿತು. ಅದರ ವಾಹನದೊಳಗೆ ಆಮ್ಲಜನಕವಿದೆ, ಔಷಧಗಳಿವೆ, ತರಬೇತಾದ ಸಿಬ್ಬಂದಿಯಿದ್ದಾರೆ. ದಾರಿಯನ್ನು ಮಾತ್ರ ಅದು ತನ್ನೊಡನೆ ಹೊತ್ತು ತರಲಾರದು. ಅದನ್ನು ನಾವೇ ಕೊಡಬೇಕು.

ಕಾನೂನು ಏನು ಹೇಳುತ್ತದೆ?

ಅಗ್ನಿಶಾಮಕ ವಾಹನವಾಗಲಿ ಆಂಬುಲೆನ್ಸ್ ಆಗಲಿ ಸಮೀಪಿಸಿದಾಗ ಚಾಲಕನು ರಸ್ತೆಯ ಬದಿಗೆ ಸರಿದು ಅಡೆತಡೆಯಿಲ್ಲದ ದಾರಿ ಬಿಡಬೇಕೆಂಬ ನಿಯಮ ನಮ್ಮ ದೇಶದಲ್ಲಿ 1989ರ ರಸ್ತೆ ನಿಯಮಾವಳಿಯಲ್ಲೇ ಇತ್ತು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿತು. 2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆಗೆ 194ಇ ಎಂಬ ಹೊಸ ಕಲಮನ್ನು ಸೇರಿಸಿ, ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ದಂಡದ ಮೊತ್ತವನ್ನು ನಿಗದಿಪಡಿಸುವ ಅಧಿಕಾರ ರಾಜ್ಯಗಳದು.

ಆಂಬುಲೆನ್ಸ್‌ಗೆ ದಾರಿ ಬಿಡಲೆಂದು ಕೆಂಪು ದೀಪದ ಗೆರೆಯನ್ನು ದಾಟಿದರೆ ಕ್ಯಾಮೆರಾ ದಂಡದ ಚೀಟಿ ಕಳಿಸೀತೆಂಬ ಭಯ ಹಲವರಲ್ಲಿದೆ. ಹಾಗೆ ಬಿದ್ದ ದಂಡವನ್ನು ಪರಿಶೀಲಿಸಿ ಕೈಬಿಡುವುದಾಗಿ ಬೆಂಗಳೂರು ಸಂಚಾರ ಪೊಲೀಸರು ಪ್ರಕಟಿಸಿದ್ದಾರೆ. ಹಾಗೆಂದು ಅಡ್ಡ ಬರುವ ವಾಹನಗಳನ್ನು ನೋಡದೆ ನುಗ್ಗಬಾರದು. ನಿಧಾನವಾಗಿ, ಬೇಕಾದಷ್ಟೇ ಮುಂದೆ ಸರಿದು ಜಾಗ ಬಿಟ್ಟರೆ ಸಾಕು.

ನಿಂತ ವಾಹನದ ಮಾತು

ನಾವು ಹೆಚ್ಚಾಗಿ ಮರೆಯುವ ವಿಷಯ ಇನ್ನೊಂದಿದೆ. ನಮ್ಮ ಕಾಯ್ದೆಯ ಕಲಮು ಹೇಳುವುದು ಸಮೀಪಿಸುತ್ತಿರುವ ತುರ್ತು ವಾಹನವನ್ನು ಕುರಿತು. ಆದರೆ ಅದೇ ವಾಹನ ಅಪಘಾತದ ಸ್ಥಳದಲ್ಲಿ ನಿಂತು ಸಿಬ್ಬಂದಿ ಗಾಯಾಳುವನ್ನು ಎತ್ತುವಾಗ ಅಪಾಯ ಇನ್ನೂ ಹೆಚ್ಚು. ಅವರ ಗಮನವೆಲ್ಲ ರೋಗಿಯ ಮೇಲಿರುತ್ತದೆ, ಬೆನ್ನು ರಸ್ತೆಗೆ ತಿರುಗಿರುತ್ತದೆ.

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ 1994ರಲ್ಲಿ ಜೇಮ್ಸ್ ಗಾರ್ಸಿಯಾ ಎಂಬ ತುರ್ತು ವೈದ್ಯಕೀಯ ಸಿಬ್ಬಂದಿ ಅಪಘಾತದ ಸ್ಥಳದಲ್ಲಿ ಕರ್ತವ್ಯದಲ್ಲಿದ್ದಾಗ ವಾಹನವೊಂದು ಬಡಿದು ಗಾಯಗೊಂಡರು. ತನಿಖೆಯ ವರದಿ ತಪ್ಪನ್ನು ಅವರ ಮೇಲೆಯೇ ಹೊರಿಸಿತು. ನಿಂತ ತುರ್ತು ವಾಹನದ ಬಳಿ ಸಾಗುವವರು ಹೇಗಿರಬೇಕೆಂದು ಹೇಳುವ ಕಾನೂನು ಆಗ ಇರಲಿಲ್ಲ. ಅವರು ಸುಮ್ಮನಿರದೆ ದನಿಯೆತ್ತಿದರು. 1996ರಲ್ಲಿ ಆ ರಾಜ್ಯ ಕಾನೂನು ತಂದಿತು. ದೀಪ ಮಿನುಗಿಸುತ್ತ ನಿಂತ ತುರ್ತು ವಾಹನ ಕಂಡರೆ ಅದರ ಪಕ್ಕದ ಪಥವನ್ನು ಬಿಟ್ಟು ಆಚೆಗೆ ಸರಿಯಬೇಕು, ಸರಿಯಲಾಗದಿದ್ದರೆ ವೇಗ ತಗ್ಗಿಸಬೇಕು ಎಂಬುದು ಇಂಥ ಕಾನೂನುಗಳ ಸಾರ. 2012ರ ವೇಳೆಗೆ ಅಲ್ಲಿನ ಐವತ್ತೂ ರಾಜ್ಯಗಳು ಇದನ್ನು ಒಪ್ಪಿಕೊಂಡವು. ಗಾಯಗೊಂಡವನೊಬ್ಬನ ನೋವು ತನ್ನಂಥ ಸಾವಿರಾರು ಸೇವಕರಿಗೆ ಕವಚವಾದ ಬಗೆಯಿದು.

ನಮ್ಮಲ್ಲಿ ಅಪಾಯಕಾರಿ ಚಾಲನೆಯನ್ನು ಶಿಕ್ಷಿಸುವ 184ನೆಯ ಕಲಮು ಇದೆ. ಆದರೆ ಬರೆದ ನಿಯಮಕ್ಕಾಗಿ ಕಾಯದೆ ರೂಢಿಸಿಕೊಳ್ಳಬೇಕಾದ ಶಿಸ್ತು ಇದು. ಮಹದೇವಪುರದ ಹೊರ ವರ್ತುಲ ರಸ್ತೆಯ ಮೇಲ್ಸೇತುವೆಗಳನ್ನು ನೆನೆಯಿರಿ. ಅಲ್ಲಿ ವಾಹನ ಕೆಟ್ಟರೂ ಅಪಘಾತವಾದರೂ ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ಆಂಬುಲೆನ್ಸ್ ಓಡುವ ಪಥದಲ್ಲೇ ನಿಲ್ಲಬೇಕಾಗುತ್ತದೆ. ಹಿಂದಿನಿಂದ ಬಂದವನು ವೇಗವನ್ನು ತಗ್ಗಿಸದೆ ಕೊನೆಯ ಕ್ಷಣದಲ್ಲಿ ಪಥ ಬದಲಿಸಿದರೆ ಒಂದು ಅಪಘಾತ ಎರಡಾಗುತ್ತದೆ. ನಿಧಾನಿಸಿ ಕುತೂಹಲದಿಂದ ಮೊಬೈಲ್‌ನಲ್ಲಿ ಚಿತ್ರ ತೆಗೆಯುವವನೂ ಅಷ್ಟೇ ಕೇಡುಗ. ಅವನ ಹಿಂದೆ ಬೆಳೆಯುವ ಸಾಲಿನ ಕೊನೆಯಲ್ಲಿ ಇನ್ನೊಂದು ಆಂಬುಲೆನ್ಸ್ ಇರಬಹುದು.

ಚಾಲಕರು ಮಾಡಬೇಕಾದದ್ದು

ಸೈರನ್ ಕೇಳಿದೊಡನೆ ಥಟ್ಟನೆ ಬ್ರೇಕ್ ಹಾಕಬಾರದು. ಕನ್ನಡಿಯಲ್ಲಿ ವಾಹನ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ನೋಡಿ, ಸೂಚಕ ದೀಪ ಹಾಕಿ, ಎಡಕ್ಕೆ ಸರಿಯಬೇಕು. ಹಲವು ಪಥಗಳ ರಸ್ತೆಯಲ್ಲಿ ವಾಹನಗಳು ಒತ್ತೊತ್ತಾಗಿ ನಿಂತಾಗ ಬಲತುದಿಯವರಿಗೆ ಎಡಕ್ಕೆ ಬರಲಾಗದು. ಅಂಥ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ ದೇಶಗಳ ಹೆದ್ದಾರಿಗಳಲ್ಲಿ ಕಡ್ಡಾಯವಾದ ಒಂದು ಕ್ರಮವಿದೆ: ರಸ್ತೆಯ ಮಧ್ಯದ ವಿಭಜಕಕ್ಕೆ ಹತ್ತಿರದ ಸಾಲು ವಿಭಜಕದ ಕಡೆಗೆ, ಉಳಿದವರೆಲ್ಲ ಎದುರು ಬದಿಗೆ ಸರಿದು ನಡುವೆ ಓಣಿ ಬಿಡುತ್ತಾರೆ. ಸೈರನ್ ಕೇಳುವವರೆಗೆ ಕಾಯದೆ ದಟ್ಟಣೆ ಉಂಟಾದಾಗಲೇ ಹೀಗೆ ನಿಲ್ಲುವುದು ಅಲ್ಲಿನ ನಿಯಮ. ನಮ್ಮ ವರ್ತುಲ ರಸ್ತೆಯಲ್ಲಿ ಸೈರನ್ ಕೇಳಿದ ಮೇಲಾದರೂ, ಬಲಸಾಲು ವಿಭಜಕಕ್ಕೂ ಉಳಿದ ಸಾಲುಗಳು ಎಡಕ್ಕೂ ಒಂದೊಂದು ಅಡಿ ಸರಿದರೆ ದಾರಿ ತೆರೆದೀತು.

ಹಾಗೆ ತೆರೆದ ದಾರಿಯನ್ನು ತುಂಬದಿರುವುದು ದ್ವಿಚಕ್ರ ಸವಾರರ ಹೊಣೆ. ನಾನು ಸರಿದರೆ ನನ್ನ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆಂಬ ಅಪನಂಬಿಕೆಯೇ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುತ್ತದೆ. ಆಂಬುಲೆನ್ಸ್‌ನ ಬೆನ್ನು ಹಿಡಿದು ಓಡುವುದು ಇನ್ನೊಂದು ಕೆಟ್ಟ ಚಾಳಿ. ಅದು ಥಟ್ಟನೆ ನಿಂತರೆ ಹಿಂದಿನವನು ಅದಕ್ಕೇ ಬಡಿಯುತ್ತಾನೆ. ನಿಂತ ಆಂಬುಲೆನ್ಸ್‌ನ ಹಿಂಬದಿಗೆ ಒಂದು ಕಾರು ನಿಲ್ಲುವಷ್ಟಾದರೂ ಜಾಗ ಬಿಡಬೇಕು. ಸ್ಟ್ರೆಚರ್ ಏರುವುದೂ ಇಳಿಯುವುದೂ ಹಿಂಬಾಗಿಲಿನಿಂದಲೇ.

ಆಂಬುಲೆನ್ಸ್‌ನೊಳಗೆ ರೋಗಿ ಇರದಿದ್ದರೂ ಸೈರನ್ ಹಾಕುತ್ತಾರೆಂಬ ಸಂದೇಹ ಕೆಲವರದು. ದುರುಪಯೋಗ ನಡೆಯುವುದೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಖಾಲಿ ಆಂಬುಲೆನ್ಸ್ ರೋಗಿಯನ್ನು ಕರೆತರಲು ಹೋಗುತ್ತಿರಬಹುದು. ಯಾವುದೋ ಮನೆಯಲ್ಲಿ ಅದಕ್ಕಾಗಿ ಎಣಿಸುತ್ತಿರುವ ನಿಮಿಷಗಳು ನಮಗೆ ಕಾಣುವುದಿಲ್ಲ. ನಿಜ ಸುಳ್ಳಿನ ವಿಚಾರಣೆಗೆ ನಡುರಸ್ತೆ ತಕ್ಕ ಸ್ಥಳವಲ್ಲ. ಹತ್ತು ಬಾರಿ ಸುಳ್ಳು ಸೈರನ್‌ಗೆ ದಾರಿ ಬಿಟ್ಟರೆ ನಾವು ಕಳೆದುಕೊಳ್ಳುವುದು ಕೆಲವು ನಿಮಿಷ. ಒಮ್ಮೆ ನಿಜವಾದ ಸೈರನ್ ತಡೆದರೆ ಕಳೆದುಹೋಗುವುದು ಒಂದು ಜೀವ.

ಮನೆಯ ಬಾಗಿಲಿನಿಂದ ಉತ್ಸವದ ಬೀದಿಯವರೆಗೆ

ಹೆದ್ದಾರಿಯನ್ನು ಗೆದ್ದು ಬಂದ ಆಂಬುಲೆನ್ಸ್ ಕೊನೆಯ ನೂರು ಮೀಟರಿನಲ್ಲಿ ಸೋಲುವುದುಂಟು. ಮಹದೇವಪುರದ ಒಳರಸ್ತೆಗಳಲ್ಲಿ ಎರಡೂ ಬದಿ ನಿಂತ ಕಾರುಗಳ ನಡುವೆ ಅದು ತಿರುಗಲಾರದು, ಅಗ್ನಿಶಾಮಕ ವಾಹನವಂತೂ ಒಳಗೇ ಬರಲಾರದು. ವಸತಿ ಸಮುಚ್ಚಯಗಳ ಸಂಘದವರು ತಮ್ಮ ಪ್ರವೇಶದ್ವಾರ, ಒಳದಾರಿಗಳು ಸದಾ ತೆರವಾಗಿರುವಂತೆ ನೋಡಿಕೊಳ್ಳಬೇಕು. ಕರೆ ಮಾಡಿದ ಕೂಡಲೇ ಒಬ್ಬರು ಗೇಟಿನ ಬಳಿ ನಿಂತು ದಾರಿ ತೋರಿಸಬೇಕು, ಇನ್ನೊಬ್ಬರು ಲಿಫ್ಟನ್ನು ತಡೆದಿರಿಸಬೇಕು. ರೋಗಿಗೆ ಪ್ರಜ್ಞೆಯೂ ಉಸಿರಾಟವೂ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಬಲವಾಗಿ ಒತ್ತುತ್ತಿರಬೇಕು. ಅಪಘಾತದಲ್ಲಿ ನೆರವಾದರೆ ಪೊಲೀಸ್, ನ್ಯಾಯಾಲಯವೆಂದು ಅಲೆಯಬೇಕಾದೀತೆಂಬ ಭಯವೂ ಬೇಡ. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಆದೇಶವೂ ಕಾಯ್ದೆಯ 134ಎ ಕಲಮೂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿವೆ.

ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ಸಾಮೂಹಿಕ ವಿವಾಹ ಇವುಗಳನ್ನು ನಡೆಸುವವರಲ್ಲಿ ನಮ್ಮ ಓದುಗರೇ ಹಲವರು. ಸಾವಿರಾರು ಜನ ಸೇರುವ ಬೀದಿಯಲ್ಲಿ ಆಂಬುಲೆನ್ಸ್‌ಗೊಂದು ದಾರಿಯನ್ನು ಮೊದಲೇ ಗುರುತಿಸಿ, ಅದನ್ನು ತೆರವಾಗಿಡಲೆಂದೇ ಕೆಲವು ಕಾರ್ಯಕರ್ತರನ್ನು ನೇಮಿಸಬೇಕು. ದಾಸೋಹದ ಸಾಲನ್ನು ಶಿಸ್ತಿನಿಂದ ನಡೆಸಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ. ವಾದ್ಯ, ಧ್ವನಿವರ್ಧಕಗಳ ನಡುವೆ ಸೈರನ್ ಕೇಳಿಸದೆ ಹೋಗಬಹುದು. ಆದ್ದರಿಂದ ಮೆರವಣಿಗೆಯ ಹಿಂದೆ ಮುಂದೆ ಒಬ್ಬೊಬ್ಬರ ಕಣ್ಣಿರಬೇಕು. ದೇವರ ಪಲ್ಲಕ್ಕಿ ಕ್ಷಣಕಾಲ ನಿಂತು ಜೀವವೊಂದಕ್ಕೆ ದಾರಿ ಬಿಟ್ಟರೆ ಉತ್ಸವಕ್ಕೆ ಕುಂದಿಲ್ಲ.

ಕನ್ನಡ ನಾಡಿನ ಜನಕ್ಕೆ ಈ ಶಿಸ್ತು ಬಾರದೆಂದು ಹೇಳುವಂತಿಲ್ಲ. 2020ರ ಫೆಬ್ರುವರಿಯಲ್ಲಿ ಹೃದಯದ ತೊಂದರೆಯಿದ್ದ ನಲವತ್ತು ದಿನದ ಶಿಶುವೊಂದನ್ನು ಆಂಬುಲೆನ್ಸ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಂದಾಗ ದಾರಿಯುದ್ದಕ್ಕೂ ಊರೂರಿನ ಜನ ರಸ್ತೆ ತೆರವುಗೊಳಿಸಿ ನಿಂತರು. ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮಗು ಆಸ್ಪತ್ರೆ ಸೇರಿತು. ಅಂದು ಎಲ್ಲರಿಗೂ ಮುಂಚೆಯೇ ಸುದ್ದಿ ತಲುಪಿತ್ತು. ಟಿನ್ ಫ್ಯಾಕ್ಟರಿಯ ಬಳಿ ಇಂದು ಸಂಜೆ ಬರುವ ಆಂಬುಲೆನ್ಸ್‌ನ ಸುದ್ದಿ ಯಾವ ಪತ್ರಿಕೆಯಲ್ಲೂ ಇರುವುದಿಲ್ಲ. ಒಳಗಿರುವವರ ಹೆಸರು ನಮಗೆ ತಿಳಿಯುವುದೂ ಇಲ್ಲ. ಸುದ್ದಿಯಾದ ಶಿಶುವಿಗೆ ಕೊಟ್ಟ ದಾರಿಯನ್ನು ಸುದ್ದಿಯಾಗದ ಕೂಲಿಯವನಿಗೂ, ಮುದುಕಿಗೂ, ಬಸುರಿಗೂ ಕೊಡುವ ಅಭ್ಯಾಸ ನಮ್ಮದಾಗಲಿ. ಕನ್ನಡಿಯಲ್ಲಿ ಮಿನುಗುವ ದೀಪ ಕಂಡಾಗ ಸ್ಟಿಯರಿಂಗ್ ಹಿಡಿದ ಕೈ ತಾನಾಗಿ ಎಡಕ್ಕೆ ತಿರುಗಲಿ.